ಮರುದಿನದ ಸಾರು

ನಾಳೆ ಮನೆಗೆ ನಾಲ್ಕು ಮಂದಿ ಊಟಕ್ಕೆ ಬರುತ್ತಾರೆ. ಹುರಿದು ಕುಟ್ಟಿದ ಸಾರಿನ ಪುಡಿ ಹಾಕಿಡಲು ಅಟ್ಟದ ಮೇಲಿದ್ದ ಹಳೆಯ ತಗಡಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದಾಗ ಅದರ ಒಳಬದಿಗೆ ಅಂಟಿದ್ದ ಚೀಟಿ ಕಾಣಿಸಿತು. ಶಾಯಿ ಮಾಸಿದ್ದರೂ ಓದಬಹುದು. ‘ಸಾರಿನ ಪುಡಿ. ಸೋಮವಾರಕ್ಕೆ.’ ಅಕ್ಷರ ನನ್ನದೇ, ಹದಿಮೂರನೆಯ ವಯಸ್ಸಿನದು. ಮಾತು ಚಿಕ್ಕಮ್ಮನದು.

ಅವಳು ನನ್ನ ಚಿಕ್ಕಪ್ಪನ ಹೆಂಡತಿ. ನಾನು ಹೈಸ್ಕೂಲು ಓದಿದ್ದು ದುರ್ಗಿಗುಡಿಯ ಅವರ ಮನೆಯಲ್ಲಿದ್ದುಕೊಂಡು. ಚಿಕ್ಕಪ್ಪ ಕಚೇರಿಯಲ್ಲಿ ಗುಮಾಸ್ತರು. ಕೋರ್ಟಿನ ಕೆಲಸಕ್ಕೋ ಆಸ್ಪತ್ರೆಗೋ ಶಿವಮೊಗ್ಗಕ್ಕೆ ಬಂದ ನೆಂಟರೆಲ್ಲ ನಮ್ಮಲ್ಲಿಯೇ ಇಳಿಯುತ್ತಿದ್ದರು. ಒಬ್ಬರ ಚೊಂಬು ತೊಳೆದಿಡುವ ಹೊತ್ತಿಗೆ ಇನ್ನೊಬ್ಬರು ಹೊಸಿಲಲ್ಲಿ ಕಾಲು ತೊಳೆಯುತ್ತಿರುತ್ತಿದ್ದರು. ಚಿಕ್ಕಮ್ಮ ಕೂತು ಊಟ ಮಾಡಿದ್ದು ನನಗೆ ಸರಿಯಾಗಿ ನೆನಪಿಲ್ಲ… ಒಲೆಯ ಮುಂದೆ ಕುಕ್ಕರಗಾಲಲ್ಲಿ, ಹಿಂದಿನ ದಿನ ಉಳಿದದ್ದನ್ನು ಉಣ್ಣುತ್ತಿದ್ದಳು.

ಅವಳ ತವರು ಭದ್ರಾವತಿ. ಅಣ್ಣ ಕಬ್ಬಿಣದ ಕಾರ್ಖಾನೆಯಲ್ಲಿದ್ದ. ರೈಲು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಆದರೂ ಅವಳು ಹೋಗಿ ವರ್ಷದ ಮೇಲಾಗಿತ್ತು. ಆ ಸಲ ಅಣ್ಣ ಹೇಳಿಕಳಿಸಿದ, ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಾಳೆ ಎಂದು. ಆದರೆ ಸೋಮವಾರ ಹೊಳೆಹೊನ್ನೂರಿನಿಂದ ಚಿಕ್ಕಪ್ಪನ ಅಕ್ಕ, ಎಂದರೆ ನನ್ನ ಸೋದರತ್ತೆ, ತಮ್ಮವರೊಂದಿಗೆ ಬರುವವರಿದ್ದರು. ಅವರು ಹೋದ ಮೇಲೆ ನೋಡೋಣ ಎಂದರು ಚಿಕ್ಕಪ್ಪ. ಅವರು ಹೋದ ಮೇಲೆ ಬೇರೆಯವರು ಬರುತ್ತಾರೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಎಲ್ಲವನ್ನೂ ಮೊದಲೇ ಮಾಡಿಟ್ಟು ಹೋಗುತ್ತೇನೆ ಎಂದಳು. ಬಂದವರಿಗೆ ಏನೂ ಕಮ್ಮಿಯಾಗಬಾರದು ಎಂಬ ಮಾತಿನ ಮೇಲೆ ಚಿಕ್ಕಪ್ಪ ಒಪ್ಪಿದರು.

ಶನಿವಾರ ಪುಡಿಗಳಾದವು. ಭಾನುವಾರ ಮಧ್ಯಾಹ್ನ ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ, ಸಂಜೆಯೊಳಗೆ ಹೋಳಿಗೆ ತಟ್ಟಿ ಮುಗಿಸಿದಳು. ಅದೇ ಕಟ್ಟಿನಲ್ಲಿ ಸಾರು ಮಾಡಿ, “ಹೋಳಿಗೆ ಸಾರಿಗೆ ಮರುದಿನಾನೇ ರುಚಿ ಕಣೇ, ಕುದಿಸಿದಷ್ಟೂ ಒಳ್ಳೇದು,” ಎಂದಳು. ಅವಳಿಗೆ ಬರೆಯಲು ಬಾರದು. ಅವಳು ಹೇಳಿದ್ದನ್ನು ನಾನು ಚೀಟಿಗಳಲ್ಲಿ ಬರೆದು ಒಂದೊಂದು ಡಬ್ಬಿಗೂ ಅಂಟಿಸಿದೆ. ಅನ್ನಕ್ಕೆ ನೀರೆಷ್ಟು, ಸಾರು ಯಾವಾಗ ಒಲೆಗಿಡಬೇಕು, ಕುದಿಯುವಾಗ ಮೇಲೆ ಇನ್ನೆಷ್ಟು ಪುಡಿ, ಹೋಳಿಗೆಯ ಮೇಲೆ ತುಪ್ಪ ಯಾವಾಗ… ಎಲ್ಲವನ್ನೂ ಹೇಳಿದಳು. ಯಾರಾದರೂ ಕೇಳಿದರೆ ಏನನ್ನಬೇಕೆಂದು ಮಾತ್ರ ಹೇಳಲಿಲ್ಲ.

ಸೋಮವಾರ ನಾನು ಶಾಲೆಗೆ ಹೋಗಲಿಲ್ಲ. ಚೀಟಿಗಳಲ್ಲಿದ್ದಂತೆಯೇ ಮಾಡಿದೆ. ಸೋದರತ್ತೆ ಪೂಜೆ ಮುಗಿಸಿ ಎಲೆಯ ಮುಂದೆ ಕೂತರು. ಎರಡು ಸಲ ಸಾರು ಹಾಕಿಸಿಕೊಂಡರು. ನಿನ್ನ ಚಿಕ್ಕಮ್ಮನ ಕೈಯೇ ಬಂದಿದೆಯಲ್ಲ, ಇನ್ನು ನಿನ್ನನ್ನು ಓದಿಸುವುದು ದಂಡ ಎಂದು ನಕ್ಕರು. ಆಮೇಲೆ ಹೋಳಿಗೆಯತ್ತ ನೋಡಿ ಕೇಳಿದರು.

“ಅಲ್ವೇ ಕೂಸೇ, ಬೆಳಿಗ್ಗೆ ರೈಲಿಗೆ ಹೋದೋಳು ಇಷ್ಟೆಲ್ಲ ಯಾವಾಗ ಮಾಡಿದ್ಳು?”

“ನಿನ್ನೆ ಸಾಯಂಕಾಲ, ಅತ್ತೆ. ಸಾರು ಮರುದಿನಕ್ಕೇ ರುಚಿಯಂತೆ.”

ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವಂತೆಯೇ ಹೇಳಿದೆ. ಕಾರಣವನ್ನೂ ಸೇರಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಯಿತ್ತು. ಸೋದರತ್ತೆ ಎಲೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಎದ್ದರು. ಚಿಕ್ಕಪ್ಪ ತಲೆಯೆತ್ತಲಿಲ್ಲ.

ಸಂಜೆ ರೈಲಿಗೆ ಬಂದ ಚಿಕ್ಕಮ್ಮನ ಮುಖ ಎಂದೂ ಇಲ್ಲದಷ್ಟು ಹಗುರವಾಗಿತ್ತು. ಅವ್ವ ಗುರುತು ಹಿಡಿದಳು, ಎರಡು ತುತ್ತು ಉಂಡಳು, ಮುಂದಿನ ಸೋಮವಾರ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದಳು. ನಡುಮನೆಯಿಂದ ಸೋದರತ್ತೆಯ ದನಿ ಕೇಳಿಸಿತು.

“ಮನೆಗೆ ಬಂದೋರಿಗೆ ತಂಗಳು ಬಡಿಸೋದು ಯಾವತ್ತಿಂದ ಶುರು ಮಾಡಿದ್ಯಮ್ಮ?”

ಚಿಕ್ಕಮ್ಮ ನನ್ನ ಕಡೆ ನೋಡಿದಳು. ಅವಳು ನೋಡಿದ್ದು ಒಂದೇ ಸಲ. ಸೆರಗು ಸಿಕ್ಕಿಸಿಕೊಂಡು ಒಲೆ ಹೊತ್ತಿಸಿದಳು. ನೆಂಟರು ಮನೆಯಲ್ಲಿರುವಾಗ ಇನ್ನು ಹೊಸಿಲು ದಾಟುವುದು ಬೇಡ ಎಂದರು ಚಿಕ್ಕಪ್ಪ. ಕೂಗಾಡಲಿಲ್ಲ, ಸಾಮಾನ್ಯ ದನಿಯಲ್ಲೇ ಹೇಳಿದರು. ಆ ಮನೆಯಲ್ಲಿ ನೆಂಟರಿಲ್ಲದ ಸೋಮವಾರ ಬರಲಿಲ್ಲ.

ತಿಂಗಳೊಳಗೆ ಭದ್ರಾವತಿಯಿಂದ ಸುದ್ದಿ ಬಂತು. ಅವತ್ತೂ ಇಬ್ಬರಿದ್ದರು. ಅವರಿಗೆ ಬಡಿಸಿ, ಎಲೆ ತೆಗೆದು, ಆಮೇಲೆ ಚಿಕ್ಕಮ್ಮ ರೈಲಿಗೆ ಹೋದಳು.

ನಾನು ಅವಳ ಹತ್ತಿರ ತಪ್ಪಾಯಿತು ಎಂದದ್ದು ಬಹಳ ದಿನಗಳ ಮೇಲೆ, ಮೈಸೂರಿಗೆ ಕಾಲೇಜಿಗೆ ಹೊರಟಾಗ. ಅವಳು ಅಕ್ಕಿ ಆರಿಸುತ್ತಿದ್ದಳು. “ನೀನೇನು ಮಾಡ್ತೀಯ ಮಾರಾಯ್ತಿ, ಇದ್ದದ್ದು ಹೇಳ್ದೆ. ಸುಳ್ಳು ಹೇಳು ಅಂತ ಕೂಸಿಗೆ ಕಲಿಸೋಕೆ ನಂಗೇ ಬಾಯಿ ಬರಲಿಲ್ಲ,” ಎಂದಳು. ಮತ್ತೆ ಮೊರದ ಕಡೆ ತಿರುಗಿದಳು. ಆ ಸೋಮವಾರದ ಮೇಲೆ ಅವಳು ಯಾವುದನ್ನೂ ಹಿಂದಿನ ದಿನ ಮಾಡಿಡಲಿಲ್ಲ. ನಸುಕಿಗೆ ಮುಂಚೆ ಎದ್ದು ಎಲ್ಲವನ್ನೂ ಹೊಸದಾಗಿಯೇ ಮಾಡುತ್ತಿದ್ದಳು. ಹಾಗೆ ಏಳುತ್ತಲೇ ಸವೆದು ಹೋದಳು… ಅವಳು ತೀರಿಕೊಂಡು ಮೂರು ವರ್ಷವಾಯಿತು. ಪಾತ್ರೆಗಳನ್ನು ಹಂಚುವಾಗ ಈ ಡಬ್ಬಿಯನ್ನು ಯಾರೂ ಕೇಳಲಿಲ್ಲ, ನಾನು ತಂದುಕೊಂಡೆ.

ಸಾರಿನ ಪುಡಿಯನ್ನು ಅದರಲ್ಲೇ ತುಂಬಿದೆ. ಚೀಟಿ ತೆಗೆಯಲಿಲ್ಲ. ಇಡೀ ವಾರ ಪಾಠ ಹೇಳಿ ಮೈ ಸೋತಿದೆ, ನಾಳೆ ನಸುಕಿಗೆ ಏಳಲು ನನ್ನಿಂದಾಗದು. ಬೇಳೆ ಈಗಲೇ ಬೇಯುತ್ತಿದೆ, ಇವತ್ತೇ ಸಾರು ಮಾಡಿಡುತ್ತೇನೆ. ಯಾವಾಗ ಮಾಡಿದ್ದೆಂದು ಬಂದವರು ಕೇಳಿದರೆ, ‘ಇವತ್ತು ಬೆಳಿಗ್ಗೆ’ ಎನ್ನುತ್ತೇನೆ.

ಬರುವವರು ನನ್ನ ಜೊತೆ ಕೆಲಸ ಮಾಡುವವರು. ಅವರಾರೂ ಅದನ್ನು ಕೇಳುವುದಿಲ್ಲ.