ಮೊದಲು ಸಡಿಲವಾದದ್ದು ಯಾವುದು

ನಮ್ಮಕ್ಕನಿಗೆ ಪ್ರಯೋಗಾಲಯದವರು ಇಟ್ಟ ಅಡ್ಡಹೆಸರು ಉಡ. ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲದವಳು. ಆಸ್ಪತ್ರೆಗಳಿಗೆ ನೈಲಾನ್ ಕೊಳವೆ ಮಾಡುವ ಫ್ಯಾಕ್ಟರಿಯ ಪ್ರಯೋಗಾಲಯ ಅದು. ಕರಗಿದ ಪ್ಲಾಸ್ಟಿಕ್ಕನ್ನು ಕೊಳವೆಯಾಗಿ ಎಳೆದು ನೀರಿನ ತೊಟ್ಟಿಯಲ್ಲಿ ತಣಿಸುವ ವಿಭಾಗಕ್ಕೆ ಅವಳ ಗಂಡ, ಅಂದರೆ ನಮ್ಮ ಭಾವನೇ ಮುಖ್ಯಸ್ಥರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಾ ಅವರ ಮನೆಯಲ್ಲೇ ಇದ್ದೇನೆ. ಇಬ್ಬರ ಜಗಳಕ್ಕೂ ಪುಕ್ಕಟೆ ಪ್ರೇಕ್ಷಕಿ.

ಆ ವರ್ಷ ಕೊಳವೆಗಳು ಬಿರುಕು ಬಿಡತೊಡಗಿದವು. ಗೋದಾಮಿನ ತೇವ ಹೊಕ್ಕು ಹೀಗಾಯಿತೋ, ತಣಿಸುವಾಗಲೇ ಪ್ಲಾಸ್ಟಿಕ್ಕಿನೊಳಗಿನ ಅಣುಗಳ ಸರಪಳಿಗಳ ಜೋಡಣೆ ಸಡಿಲವಾಗಿ ಉಳಿದಿತ್ತೋ ಎಂದು ಅಕ್ಕ ಹೇಳಬೇಕಿತ್ತು. ಅದಕ್ಕೆ ಅವಳ ಬಳಿ ಇದ್ದ ವಿದ್ಯೆಯ ಹೆಸರು ಎರಡು ಆಯಾಮದ ಸಹಸಂಬಂಧ ರೋಹಿತ ವಿಶ್ಲೇಷಣೆ. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರುತ್ತದೆ. ಕೊಳವೆಯ ತೆಳು ಪದರವನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ, ಶಾಖವನ್ನೂ ತೇವವನ್ನೂ ಮೆಲ್ಲಗೆ ಏರಿಸುತ್ತಾ, ಪ್ರತಿ ಹಂತದಲ್ಲೂ ಅತಿಗೆಂಪು ಬೆಳಕು ಹಾಯಿಸಬೇಕು. ಆಮೇಲೆ ಒಂದೊಂದು ಬದಲಾವಣೆಯನ್ನೂ ಉಳಿದೆಲ್ಲದರ ಜೊತೆ ತಾಳೆ ನೋಡಬೇಕು. ಕೊನೆಗೆ ಸಿಗುವುದು ಎರಡು ನಕ್ಷೆ. ಯಾವುದೆಲ್ಲ ಜೊತೆಜೊತೆಗೆ ಬದಲಾಯಿತು ಎಂದು ಒಂದು ಹೇಳುತ್ತದೆ; ಯಾವುದು ಮೊದಲು, ಯಾವುದು ಆಮೇಲೆ ಎಂದು ಇನ್ನೊಂದು. ಈ ಎರಡನೆಯದು ಮಹಾ ಚಾಡಿಕೋರ, ಕಡ್ಡಿಯನ್ನು ಗುಡ್ಡ ಮಾಡುತ್ತದೆ.

ನಕ್ಷೆ ನೀರೇ ಮೊದಲು ಎಂದಿತು. ಗೋದಾಮು ನೋಡಿಕೊಳ್ಳುತ್ತಿದ್ದ ಸ್ಟೋರ್ ಕೀಪರನ್ನು ಕೆಲಸದಿಂದ ತೆಗೆದರು. ಭಾವ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. ನಕ್ಷೆಯಲ್ಲಿ ನೀರಿನ ಗುರುತಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳಿದ್ದವು. ಪ್ಲಾಸ್ಟಿಕ್ಕಿನೊಳಗಿನ ನೀರು ಅಗಲವಾದ ಉಬ್ಬಾಗಿ ಕಾಣುತ್ತದೆ, ಹಲ್ಲು ಮೂಡುವುದು ಗಾಳಿಯಲ್ಲಿರುವ ಆವಿಯಿಂದ. ಪದರ ಸೊಟ್ಟಗಾಯಿತೇನೋ ಎಂದು ಹಂತಹಂತಕ್ಕೂ ಯಂತ್ರದ ಮುಚ್ಚಳ ತೆಗೆದು ಇಣುಕಿ, ಆ ಆವಿಯನ್ನು ಒಳಗೆ ಬಿಟ್ಟವಳು ಅವಳೇ. ಮನೆಯಲ್ಲೂ ಅಷ್ಟೇ, ಒಲೆಯ ಮೇಲಿಟ್ಟದ್ದನ್ನು ಬೇಯಲು ಬಿಡುವುದಿಲ್ಲ.

"ಗಾಳಿಯಲ್ಲಿದ್ದ ತೇವಾನ ಪ್ಲಾಸ್ಟಿಕ್ಕಿನ ತೇವ ಅಂತ ಬರೆದುಕೊಟ್ಟಿದ್ದೀನಿ ಕಣೇ," ಎಂದಳು.

ನಾನು ತಡೆದೆ. "ನೀರಲ್ಲ ಅಂದ್ರೆ ಭಾವನ ತಲೆಗೇ ಬರುತ್ತಲ್ಲ. ಮುಗಿದ ಕತೆ, ಸುಮ್ನಿದ್ಬಿಡು."

"ಕೆಲಸ ಕಳ್ಕೊಂಡು ಕೂತಿದ್ದಾರಲ್ಲ, ಅವರಿಗೆ ಮುಗಿದಿದ್ಯಾ?"

ಮತ್ತೊಮ್ಮೆ ಪರೀಕ್ಷಿಸಲು ಯಂತ್ರ ಖಾಲಿಯಿಲ್ಲ ಎಂದರು ಮ್ಯಾನೇಜರು. ರಜಾದಿನ ಖಾಲಿ ಇರುತ್ತದಲ್ಲ ಎಂದಳು. ಒಣ ನೈಟ್ರೋಜನ್ ಹಾಯಿಸಿ ಯಂತ್ರದೊಳಗಿನ ಆವಿಯನ್ನೆಲ್ಲ ಓಡಿಸಿದಳು. ತನ್ನ ಕೈಯನ್ನೇ ನಂಬದೆ ಮುಚ್ಚಳಕ್ಕೆ ಟೇಪು ಸುತ್ತಿ, ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆ ಕೈಕಟ್ಟಿ ಕೂತಳು. ಹೊಸ ನಕ್ಷೆಯಲ್ಲಿ ಹಲ್ಲುಗಳು ಮಾಯವಾಗಿದ್ದವು. ಮೊದಲು ಸಡಿಲವಾದದ್ದು ಸರಪಳಿ. ನೀರು ಹೊಕ್ಕಿದ್ದು ಆಮೇಲೆ.

ಊಟಕ್ಕೆ ಕೂತಾಗ ಭಾವನಿಗೆ ನೇರವಾಗಿ ಹೇಳಿದಳು. "ರೀ, ನಿಮ್ಮ ತೊಟ್ಟಿ ನೀರು ತೀರಾ ತಣ್ಣಗಿದೆ. ಸರಪಳಿ ಸರಿಯಾಗಿ ಜೋಡಿಸ್ಕೊಳ್ಳೋ ಮುಂಚೇನೇ ಗಟ್ಟಿಯಾಗ್ಬಿಡುತ್ತೆ."

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾಲು ಬೇಗ ಇಳೀಲಿ ಅಂತ ತಣ್ಣಗೆ ಮಾಡಿಸಿದ್ದು ನಾನೇ. ಗೋದಾಮಿನ ತೇವದಿಂದ ಅಂತ ನೀನು ಅಂದಾಗ ನಂಬಿಬಿಟ್ಟೆ. ನಂಬೋದು ಸುಲಭ ಇತ್ತು." ಅನ್ನ ಕಲಸುತ್ತಲೇ ಕೇಳಿದರು, "ನಾಳೆ ಮೀಟಿಂಗಲ್ಲಿ ಹೇಳಲೇಬೇಕಾ?"

"ಹೇಳ್ತೀನಿ."

ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಸಂಸಾರಕ್ಕಿಂತ ಅವಳಿಗೆ ಪ್ಲಾಸ್ಟಿಕ್ ಹೆಚ್ಚೇ ಎನಿಸಿತು. ಆ ಹೊತ್ತಿಗೆ ಸ್ಟೋರ್ ಕೀಪರು ನನ್ನ ನೆನಪಿಗೂ ಬರಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಹೊಸ ನಕ್ಷೆ ನೋಡಿದ ಮಾಲೀಕರು, ತಣಿಸುವ ವಿಭಾಗ ಯಾರದು ಎಂದು ಕೇಳಿದರಂತೆ.

"ನನ್ನ ಗಂಡಂದು. ಮೊದಲನೇ ನಕ್ಷೆಯ ತಪ್ಪು ನಂದು. ಎರಡನ್ನೂ ಬರ್ಕೊಳ್ಳಿ," ಎಂದಳಂತೆ ಅಕ್ಕ.

ಸ್ಟೋರ್ ಕೀಪರನ್ನು ವಾಪಸು ಕರೆಸಿದರು. ಭಾವನ ಕೆಲಸ ಉಳಿಯಿತು, ಮುಖ್ಯಸ್ಥರ ಹುದ್ದೆ ಹೋಯಿತು. ಆ ಸಂಜೆ ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಿಂದ ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ಅಕ್ಕ ಬೀದಿಯಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಭಾವ ಅವಳ ಚೀಲವನ್ನೂ ತಮ್ಮ ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲೇ ನಿಧಾನವಾಗಿ ನಡೆದು ಬರುತ್ತಿದ್ದರು.