ಮರಳುಗಾಡಿಗೆ ಹಾಲು-ತುಪ್ಪ

ನನಗೆ ಮೂಗಿನ ತುದಿಯಲ್ಲೇ ಕೋಪ. ಅನುಗೊಂಡನಹಳ್ಳಿಯಲ್ಲಿ ಮೇಷ್ಟರಾಗಿದ್ದಾಗ ಊರಿನ ಅಂಚೆ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಎರಡು ಕೆಲಸದ ಸಿಟ್ಟೂ ಒಂದೇ ಬಾಯಲ್ಲಿ ಹೊರಗೆ ಬರುತ್ತಿತ್ತು. ಆ ಸಿಟ್ಟಿಗೆ ಕ್ಯಾರೇ ಅನ್ನದೆ ನನ್ನ ಜೀವ ತಿಂದವಳು ಒಬ್ಬಳೇ, ಹಾಲು ಮಾರುವ ಅಮ್ಮಯಮ್ಮ.

ಜಡಿಗೇನಹಳ್ಳಿಯಿಂದ ಸೊಸೆಯಾಗಿ ಬಂದವಳು. ಎರಡು ಹಸು, ಒಂದು ಎಮ್ಮೆ, ಗಂಡ ಸೊಣ್ಣಪ್ಪ, ಒಬ್ಬನೇ ಮಗ ಆವಲಪ್ಪ. ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವಳಲ್ಲ. ಯಾರಾದರೂ "ಏನಮ್ಮಯಮ್ಮ, ಇವತ್ತು ಹಾಲು ತೆಳ್ಳಗೈತಲ್ಲ" ಅಂದರೆ ಮುಗೀತು. ಅಳೆದ ಹಾಲನ್ನು ವಾಪಸು ಸುರಿದುಕೊಂಡು ಹೋದರೆ, ಒಂದು ವಾರ ಆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ತಿರುಪತಿ ಬಿಟ್ಟರೆ ಬೇರೆ ದೂರದ ಊರು ಕಂಡವಳೂ ಅಲ್ಲ.

ಆವಲಪ್ಪ ಮಿಲಿಟರಿ ಸೇರಿದ. ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ, ರಾಜಸ್ಥಾನದ ಗಡಿಯ ಮರಳುಗಾಡಿನಲ್ಲಿ ತೀರಿಕೊಂಡ. ತಂತಿ ಓದಿ ಹೇಳಿದವನು ನಾನೇ. ಅಲ್ಲೇ ಸುಟ್ಟರಂತೆ, ಊರಿಗೆ ಬಂದದ್ದು ಅವನ ಬಟ್ಟೆಬರೆಯ ಒಂದು ತಗಡಿನ ಟ್ರಂಕು. ಇವರಲ್ಲಿ ಹೂಳುವುದು ಪದ್ಧತಿ. ಮೂರನೇ ದಿನ ಮಣ್ಣಿನ ಗುಡ್ಡೆಯ ಮೇಲೆ ಹತ್ತಿರದವರು ಹಾಲು-ತುಪ್ಪ ಬಿಟ್ಟರೆ ಹೋದ ಜೀವ ತಣ್ಣಗಾಗುತ್ತದೆ ಅಂತ ನಂಬಿಕೆ. ನೆಂಟರೆಲ್ಲ, ಟ್ರಂಕಿನ ಮುಂದೆಯೇ ಮಾಡಿ ಮುಗಿಸೋಣ ಅಂದರು. ಅಮ್ಮಯಮ್ಮ ಎದ್ದು ನಿಂತಳು.

"ತಗಡಿಗೆ ಹಾಲು ಬಿಡ್ಲಾ ನಾನು? ನನ್ ಮಗ ಎಲ್ಲವ್ನೋ ಅಲ್ಲೇ ಬಿಡ್ತೀನಿ."

ಮೂರು ವರ್ಷ ಆ ಕೆಲಸ ಆಗಲೇ ಇಲ್ಲ. ಊರಿಗೆಲ್ಲ ಹಾಲು ಹಾಕಿದವಳು ಸತ್ತ ಮಗನಿಗೆ ಒಂದು ಲೋಟ ಹಾಕಲಾರದೆ ಒಳಗೊಳಗೇ ಬೇಯುತ್ತಿದ್ದಳು.

ಎಪ್ಪತ್ತನಾಲ್ಕರ ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದ ಕರಪತ್ರವೊಂದನ್ನು ತಂದು ನನ್ನ ಮೇಜಿನ ಮೇಲೆ ಹಾಸಿದಳು. ಮೂವತ್ತಾರು ದಿನದ ಬಸ್ ಪ್ರವಾಸ. ಅಡಿಗೆಯವರೂ ಜೊತೆಗೇ ಬರುತ್ತಾರೆ. ಬಿಜಾಪುರ, ಔರಂಗಾಬಾದ್, ಆಗ್ರಾ, ದಿಲ್ಲಿ, ಜೈಪುರ, ಜೋಧಪುರ, ಕೊನೆಗೆ ಜೈಸಲ್ಮೇರಿನ ಮರಳುಗಾಡು. ಹೊರಡುವುದು ಸಂಕ್ರಾಂತಿ ಆದ ವಾರಕ್ಕೆ.

"ಈ ಬಸ್ಸು ನನ್ ಮಗನ ತಾವಕ್ಕೆ ಹೋಯ್ತದಾ ಸಾಮಿ?" ಅಂದಳು.

ಜಗಲಿಯ ಮೇಲೆ ಕುಳಿತಿದ್ದ ಸೊಣ್ಣಪ್ಪ, "ಕಾಸಿಗೆ ಹೋಗಿ ಗಂಗೇಲಿ ಬಿಟ್ರೆ ಆಗಾಕಿಲ್ವಾ? ಊರೋರೆಲ್ಲ ಹಂಗೇ ಅಂತಾವ್ರೆ" ಅಂದ.

"ಗಂಗೇಲಿ ಸತ್ನಾ ಅವ್ನು?" ಅಂದಳು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ದಿನಾ ಸಂಜೆ ಹಾಲು ಹಾಕಿ ಬಂದು ಸ್ಕೂಲಿನ ಭೂಪಟದ ಮುಂದೆ ಕೂರುವಳು. ನಾನು ಬೆತ್ತ ಹಿಡಿದು ಒಂದೊಂದೇ ಊರು ತೋರಿಸಬೇಕು. ಬಿಜಾಪುರ ಬೇಡ, ದಿಲ್ಲಿ ಬೇಡ, ನೆಟ್ಟಗೆ ಹೋಗಕ್ಕೆ ಹೇಳಿ ಅನ್ನುವಳು. "ಬಸ್ಸು ನಿಮ್ಮಪ್ಪಂದಾ?" ಎಂದು ಗದರಿದರೆ ಸೆರಗು ಅಡ್ಡ ಹಿಡಿದು ನಗುವಳು. ಆಗ್ರಾದಲ್ಲಿ ಏನಿದೆ ಅಂತ ಕೇಳಿದಳು. ಒಬ್ಬ ರಾಣಿಯ ಗೋರಿ, ಹಾಲುಗಲ್ಲಿನದು, ನೋಡಲು ಪ್ರಪಂಚವೇ ಬರುತ್ತದೆ ಅಂದೆ. "ಪುಣ್ಯವಂತೆ. ಅವ್ಳಿಗೆ ಗುಡ್ಡೆ ಐತೆ" ಅಂದಳು. ನಾನು ಬೆತ್ತ ಕೆಳಗಿಟ್ಟೆ.

ತುಪ್ಪದ ಚಿಂತೆ ಇರಲಿಲ್ಲ; ಮನೆಯ ಬೆಣ್ಣೆ ಕಾಯಿಸಿ ಸೀಸೆಗೆ ತುಂಬಿದರೆ ವರ್ಷವಾದರೂ ಕೆಡದು. ಹಾಲಿನದೇ ತಾಪತ್ರಯ. ಮರಳುಗಾಡಿನಲ್ಲಿ ಹಸು ಇರುತ್ತದೋ ಇಲ್ಲವೋ? ಒಂಟೆ ಇರುತ್ತದೆ ಅಂದೆ. "ಥೂ, ಅದ್ರ ಹಾಲು ನನ್ ಮಗ ಕುಡೀತಾನಾ?" ಅಂದಳು. ಮಾರನೆಯ ದಿನ ಅದಕ್ಕೂ ಉಪಾಯ ಹುಡುಕಿಕೊಂಡೇ ಬಂದಳು.

"ಮೇಷ್ಟ್ರೇ, ಒಂದು ಹಾಲು ಕೊಡೋ ಮೇಕೆ ಬಸ್ ಮ್ಯಾಗೆ ಹಾಕ್ಕೊಂಡ್ರೆ? ಸಂತೆ ಬಸ್ನಾಗೆ ಹಾಕಾಕಿಲ್ವಾ?"

"ಮೇಕೇನ ದಿಲ್ಲಿ ತೋರಿಸ್ಕೊಂಡು ಬರ್ತೀಯಾ? ಎದ್ದೋಗು ಮೊದಲು!" ಎಂದು ಕೂಗಾಡಿದೆ. ಹೋಗಲಿಲ್ಲ.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಬಸ್ಸು ಜೈಸಲ್ಮೇರಿನ ತನಕ ಮಾತ್ರ. ಆವಲಪ್ಪ ಸತ್ತ ಜಾಗ ಅಲ್ಲಿಂದ ಎಷ್ಟೋ ಮುಂದೆ, ಗಡಿಯ ಅಂಚಿನಲ್ಲಿ. ಹೇಳಿದೆ. "ತಾಯಿ ಬತ್ತಾವ್ಳೆ ಅಂತ ಬರೀರಿ, ಬಿಡ್ತಾರೆ" ಅಂದಳು. ಅವನ ಪಲ್ಟನ್ನಿನ ಸಾಹೇಬರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಅಷ್ಟರಲ್ಲಿ ಬಸ್ಸಿನಲ್ಲಿ ಎರಡು ಸೀಟೂ ಹಿಡಿದಾಗಿತ್ತು.

ಜವಾಬು ಬಂದದ್ದು ಸಂಕ್ರಾಂತಿಗೆ ಎಂಟು ದಿನ ಇರುವಾಗ. ಗಂಡ ಹೆಂಡತಿ ಇಬ್ಬರೂ ಬಂದು ಕುಳಿತರು. ಟೈಪು ಮಾಡಿದ ನಾಲ್ಕೇ ಸಾಲು: ಅದು ಗಡಿ ಪ್ರದೇಶ, ಹೊರಗಿನವರಿಗೆ ಪ್ರವೇಶವಿಲ್ಲ, ವಿಷಾದಿಸುತ್ತೇವೆ. ಓದಿ ಹೇಳಿದೆ. ಸೊಣ್ಣಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಂದ್ ಕಾಗ್ದ ಐತಲ್ಲ" ಅಂದಳು ಅಮ್ಮಯಮ್ಮ.

ಇತ್ತು. ಲಕೋಟೆಯೊಳಗೆ ಮಡಚಿದ ಚೀಟಿ. ಬಿಡಿಬಿಡಿಯಾದ ಕನ್ನಡ ಅಕ್ಷರ. ಮಂಡ್ಯ ಕಡೆಯ ಜವರಪ್ಪ ಅನ್ನುವ ಸಿಪಾಯಿ ಬರೆದದ್ದು. ಓದಿದೆ:

"ಅವ್ವಾ, ನಿಮ್ಮ ಅರ್ಜಿ ವಿಷಯ ಸಾಹೇಬರು ಹೇಳಿದರು. ಆವಲಪ್ಪಣ್ಣ ಸತ್ತ ಮೂರನೇ ದಿನ ಸುಟ್ಟ ಜಾಗಕ್ಕೆ ನಾನೇ ಹೋಗಿ ಹಾಲು-ತುಪ್ಪ ಬಿಟ್ಟೆ. ಹಾಲು ಸಿಗಲಿಲ್ಲ, ನಮ್ಮ ಟೀಗೆ ಕೊಡುವ ಪುಡಿಹಾಲು ಕಲಸಿದೆ. ತುಪ್ಪ ಇರಲಿಲ್ಲ, ಡಾಲ್ಡಾ ಬಿಟ್ಟೆ. ನೀವು ಹಾಲಿನವರು ಅಂತ ಅಣ್ಣ ಹೇಳುತ್ತಿದ್ದ. ಡಾಲ್ಡಾ ಬಿಟ್ಟ ನಾಚಿಕೆಗೆ ಇಷ್ಟು ದಿನ ಬರೆಯಲಿಲ್ಲ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈಗ ಜೋಧಪುರದಲ್ಲಿದ್ದೇನೆ."

ಹಾಲು ತೆಳ್ಳಗಿದೆ ಅಂದರೆ ಮೈಮೇಲೆ ಬರುವವಳಿಗೆ ಪುಡಿಹಾಲು, ಡಾಲ್ಡಾ!

ಅಮ್ಮಯಮ್ಮ ಗೋಡೆಗೆ ಒರಗಿಕೊಂಡಳು. "ತಾನು ಕುಡಿಯೋ ಟೀ ಹಾಲು ಬಿಟ್ಟವ್ನೆ ಸಾಮಿ, ಗುಂಡು ಹಾರೋ ಹೊತ್ನಾಗೆ" ಅಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ತಂತಿ ಬಂದ ದಿನವೂ ಅತ್ತಿರಲಿಲ್ಲ. ನಾನೂ ಅತ್ತೆ, ನಾಚಿಕೆ ಯಾಕೆ.

ಸೊಣ್ಣಪ್ಪ ಮೆಲ್ಲಗೆ, "ಹತ್ರದೋರು ಬಿಡ್ಬೇಕಲ್ವಾ? ಅವ್ನು ನಮ್ಗೇನಾಗ್ಬೇಕು?" ಅಂದ.

"ಹಾಲು-ತುಪ್ಪ ಬಿಟ್ಮೇಲೆ ಇನ್ನೇನಯ್ಯಾ, ಆವಲಪ್ಪನ ತಮ್ಮನೇ" ಅಂದಳು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಬಸ್ಸು ಜೋಧಪುರದಾಗೆ ಎಷ್ಟು ದಿನ ನಿಲ್ತದೆ?"

"ಎರಡು ದಿನ."

"ಸಾಕು. ಅವ್ನಿಗೊಂದು ಕಾಗ್ದ ಬರೀರಿ."

ಕಾರ್ಡು ತೆಗೆದೆ. ಏನಂತ ಬರೆಯಲಿ ಅಂದೆ. ನಮ್ಮ ಈ ಸೀಮೆಯಲ್ಲಿ ಮಕ್ಕಳು ಅಮ್ಮ ಅನ್ನುತ್ತವೆ, ಆವಲಪ್ಪನೂ ಹಾಗೇ ಅನ್ನುತ್ತಿದ್ದ. ಅಮ್ಮಯಮ್ಮ ಒಂದು ಗಳಿಗೆ ಯೋಚಿಸಿದಳು.

"ನಿಮ್ಮವ್ವ ಬತ್ತಾವ್ಳೆ ಅಂತ ಬರೀರಿ. ಅವ್ವ ಅಂತ್ಲೇ ಬರೀರಿ ಸಾಮಿ, ಅವ್ನು ಹಂಗೇ ಕರ್ದವ್ನೆ."