‘ಹೂಂ, ಮುಂದ?’ ಅನ್ನುತ್ತಿದ್ದ ಶಮೀಮ್ ಮಿಸ್

ಆ ಬೆಳಿಗ್ಗೆಯೂ ಎಂದಿನಂತೆ ಯಾರೂ ತೊಡದ ಅಂಗಿಯೊಂದನ್ನು ಒಗೆದೆ. ಗಂಡನ ತಿಳಿನೀಲಿ ಅಂಗಿ. ಕಾಲರ್ ತಿಕ್ಕಿ, ಜಾಡಿಸಿ, ಮಾಳಿಗೆಯ ಹಗ್ಗಕ್ಕೆ ಓಣಿಗೆ ಕಾಣುವ ಬದಿಯಲ್ಲಿ ಹಾಕಿದೆ. ಅಕ್ಕಿ ಗಿರಣಿಯ ಧೂಳು ಕೂತು ಮತ್ತೆ ಕೊಳೆಯಾಗುತ್ತದೆ, ಅದೂ ಒಳ್ಳೆಯದೇ, ಮತ್ತೆ ಒಗೆಯಬಹುದು. ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ ಅವರು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದರು. ಗಂಗಾವತಿಯ ನಮ್ಮ ಓಣಿಯ ಪಾಲಿಗೆ ಮಾತ್ರ ಅವರು ರಾತ್ರಿ ತಡವಾಗಿ ಬಂದು ನಸುಕಿನಲ್ಲೇ ಹೋಗುವವರು. ಮಗಳು ಪಲ್ಲವಿಗೆ ನಾನು ಹೇಳಿದ್ದು ಬೇರೆ: ಅಪ್ಪನಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ, ಬೀರುವಿನಲ್ಲಿಟ್ಟ ಬಟ್ಟೆಗೆ ಮುಗ್ಗು ವಾಸನೆ ಬರುತ್ತದೆ, ಅದಕ್ಕೇ ಒಗೆಯುತ್ತೇನೆ.

ಎದುರು ಮಾಳಿಗೆಯಿಂದ ಶಮೀಮ್ ಮಿಸ್ ಕೈ ಬೀಸಿದರು. “ಸುಜಾತವ್ವಾ, ಚಾ ಇಡು, ಬಂದೆ!”

ಮಿಸ್ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹರೆಯದ ಮಕ್ಕಳಿಗಾಗಿ ಕಾದಂಬರಿ ಬರೆಯುತ್ತಿದ್ದರು. ಮೊದಲ ಪುಟದಲ್ಲಿ ಮನಸ್ಸಿಗೆ ಪೆಟ್ಟು ತಿಂದ ಹುಡುಗಿ, ಕೊನೆಯ ಪುಟದಲ್ಲಿ ನಗುವ ಹುಡುಗಿ. ಮೂಗಿನ ಮೇಲೊಂದು ಕನ್ನಡಕ, ತಲೆಗೆ ಹೊದ್ದ ಸೆರಗಿನ ಮೇಲೊಂದು ಕನ್ನಡಕ, ಆದರೂ “ನನ್ನ ಚಸ್ಮಾ ಎಲ್ಲಿ ಹೋತ?” ಎಂದು ಮನೆಯೆಲ್ಲ ಹುಡುಕುತ್ತಿದ್ದರು.

ತಮ್ಮ ಸಂಕಟ ಹೇಳಿಕೊಳ್ಳಲು ಅವರ ಮನೆಗೆ ಹೋದ ಹುಡುಗಿಯರು ಸುಮ್ಮನೆ ಕೂಡುವಂತಿರಲಿಲ್ಲ. ಪುಂಡಿಪಲ್ಲೆ ಸೊಪ್ಪಿನ ಕಟ್ಟೊಂದನ್ನು ಎಲೆ ಬಿಡಿಸಲು ಮುಂದೆ ಹಾಕಿ “ಸೋಸು” ಎನ್ನುತ್ತಿದ್ದರು. ತಾವೂ ಸೋಸುತ್ತ ಕೂಡುತ್ತಿದ್ದರು. “ಮಾರಿ ನೋಡಿ ಕೇಳಿದ್ರ ಹುಡುಗ್ರು ಸುಳ್ಳ ಹೇಳತಾವು. ಪಲ್ಲೆ ನೋಡಕೋತ ಕೇಳಬೇಕು ನೋಡವ್ವಾ” ಎಂದು ನನಗೊಮ್ಮೆ ಹೇಳಿದ್ದರು. ಹುಡುಗಿ ಅರ್ಧಕ್ಕೆ ನಿಲ್ಲಿಸಿದರೆ ಅವರದು ಒಂದೇ ಮಾತು: “ಹೂಂ, ಮುಂದ?” ಬುದ್ಧಿವಾದವಿಲ್ಲ, ಅಯ್ಯೋ ಪಾಪ ಎಂಬುದಿಲ್ಲ.

ಪಲ್ಲವಿ ಹತ್ತನೆಯ ತರಗತಿಯಲ್ಲಿದ್ದಾಗ ಕೂತಲ್ಲೇ ತನ್ನ ಹುಬ್ಬಿನ ಕೂದಲು ಕಿತ್ತುಕೊಳ್ಳತೊಡಗಿದ್ದಳು. ಎಡ ಹುಬ್ಬು ಪೂರ್ತಿ ಬೋಳಾಯಿತು. ಶಾಲೆಗೆ ಹೊರಡುವ ಮುನ್ನ ನಾನೇ ಕಾಡಿಗೆ ಪೆನ್ಸಿಲ್ಲಿನಿಂದ ಹುಬ್ಬು ತೀಡಿ ಕಳಿಸುತ್ತಿದ್ದೆ. ಯಾಕೆಂದು ಕೇಳಿದರೆ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ನನ್ನ ಕಡೆ ಕಳಸವ್ವಾ, ಪಲ್ಲೆ ಸೋಸಾಕ ಒಬ್ರು ಬೇಕಾಗ್ಯಾರ” ಎಂದರು ಮಿಸ್. ಒಂದು ಸಂಜೆ ಹೋದವಳು ದಿನಾ ಹೋಗತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಹುಬ್ಬಿನ ಜಾಗದಲ್ಲಿ ಗೆರೆ ಎಳೆದ ಹಾಗೆ ಸಣ್ಣ ಕೂದಲು ಮೂಡಿದವು. ಕಾಲೇಜು ಸೇರಿದ ಮೇಲೆ ಊಟಕ್ಕೆ ಕೂತಾಗ ಅಲ್ಲಿನ ಸುದ್ದಿ ಹೇಳುವಷ್ಟಾದಳು. ನನಗೆ ಮಿಸ್ ಕಾಲಿಗೆ ಬೀಳುವುದೊಂದು ಬಾಕಿಯಿತ್ತು.

ಆ ಬೆಳಿಗ್ಗೆ ಚಾ ಕುಡಿಯಲು ಬಂದ ಮಿಸ್ ತಮ್ಮ ಹೊಸ ಕಾದಂಬರಿ ತಂದಿದ್ದರು. “ಮೊದಲನೇ ಪ್ರತಿ ನಿನಗ. ಓದಿ ಹೇಳು” ಎಂದು ಕೈಗಿಟ್ಟರು. ಮುಖದಲ್ಲಿ ಹಬ್ಬದ ಕಳೆ.

ಪಲ್ಲವಿ ಕಾಲೇಜಿಗೆ ಹೋದ ಮೇಲೆ ಓದಲು ಕೂತೆ. ವಿಜಯಪುರದ ಒಬ್ಬ ಹುಡುಗಿ. ಅಪ್ಪ ಬಸ್ ಡ್ರೈವರ್. ಕೆಲವೇ ಪುಟಗಳಲ್ಲಿ ಆ ಹುಡುಗಿ ಹುಬ್ಬು ಕೀಳತೊಡಗಿದಳು. ಆಮೇಲೆ ಒಂದು ಬೆಳಿಗ್ಗೆ, ಮಾಳಿಗೆಯ ಮೇಲೆ ನಿದ್ದೆಯ ಸೋಗು ಹಾಕಿ ಮಲಗಿದವಳು, ತಾಯಿ ಯಾರೂ ತೊಡದ ಅಂಗಿಯನ್ನು ಒಗೆದು ಓಣಿಗೆ ಕಾಣುವಂತೆ ಹಾಕುವುದನ್ನು ನೋಡುತ್ತಾಳೆ. ‘ಅಪ್ಪನಿಗೆ ಇನ್ನೊಂದು ಮನೆಯಿದೆ ಎಂದು ನನಗೆ ಗೊತ್ತು. ಗೊತ್ತೆಂದು ಹೇಳಿಬಿಟ್ಟರೆ ಅಮ್ಮ ನಾಳೆಯಿಂದ ಏನು ಒಗೆಯಬೇಕು?’

ನನ್ನ ಮಗಳಿಗೆ ಎಲ್ಲವೂ ಗೊತ್ತಿತ್ತು ಎಂಬುದು ನನಗೆ ಹೀಗೆ, ಅಚ್ಚಾದ ಪುಟದಿಂದ ಗೊತ್ತಾಯಿತು. ಕೊನೆಯಲ್ಲಿ ತಾಯಿ ಮಗಳು ತಬ್ಬಿಕೊಂಡು ಅಳುತ್ತಾರೆ, ಅಂಗಿಯನ್ನು ಹರಿದು ಒರೆಸುವ ಅರಿವೆ ಮಾಡಿಕೊಳ್ಳುತ್ತಾರೆ, ನಗುತ್ತಾರೆ. ಪುಸ್ತಕದಲ್ಲಿ ನಾನು ಆಗಲೇ ವಾಸಿಯಾಗಿದ್ದೆ.

ಮಧ್ಯಾಹ್ನ ಅವರ ಮನೆಗೆ ಹೋದೆ. ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ಬೆಳೆಸಿದವಳು ನಾನು. ನಿಂತುಕೊಂಡೇ ಮೆಲ್ಲಗೆ ಕೇಳಿದೆ: “ಯಾರನ್ನ ಕೇಳಿ ಬರದ್ರಿ ಮಿಸ್?”

“ಹೆಸರು ಬದಲಿ ಮಾಡೀನಲ್ಲವ್ವಾ. ಊರೂ ಬದಲಿ ಮಾಡೀನಿ.”

“ಅಂಗಿ ಬದಲಿ ಮಾಡಲಿಲ್ಲಲ್ರಿ.”

ಅವರು ಪುಂಡಿಪಲ್ಲೆಯ ಎಲೆಯೊಂದನ್ನು ಕಿತ್ತು ಬುಟ್ಟಿಗೆ ಹಾಕಿದರು. “ಅದನ್ನ ತಗದ್ರ ಕಥಿ ಸತ್ತ ಹೋಗತಿತ್ತು. ಇದನ್ನ ಓದಿ ಇನ್ನೊಂದು ಹುಡುಗಿ ಉಳಕೋತಾಳವ್ವಾ.”

“ಮತ್ತ ನನ್ನ ಹುಡುಗಿ? ಹೆತ್ತ ನನಗ ಹೇಳಲಾರದ್ದನ್ನ ನಿಮಗ ಹೇಳಿದ್ಲು. ಇನ್ಮ್ಯಾಲೆ ಆಕಿ ಯಾರಿಗೆ ಹೇಳಬೇಕು?” ಅಲ್ಲಿಗೇ ನಿಲ್ಲಿಸಿದೆ.

ತಲೆ ತಗ್ಗಿಸಿ ಸೋಸುತ್ತಿದ್ದ ಮಿಸ್ ಬಾಯಿಂದ ರೂಢಿಯಂತೆ ಬಂತು: “ಹೂಂ, ಮುಂದ?”

ಇಬ್ಬರೂ ಬೆಚ್ಚಿದೆವು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹೊರಟು ಬಂದೆ. ಆಮೇಲೆ ಅವರ ಹೊಸ್ತಿಲು ತುಳಿದಿಲ್ಲ.

ಆ ಸಂಜೆ ಪಲ್ಲವಿ ಬಂದಾಗ ಅಂಗಿಯ ಪುಟ ತೆರೆದು ಪುಸ್ತಕವನ್ನು ಅವಳ ಕೈಗೇ ಕೊಟ್ಟೆ. ಮುಚ್ಚಿಡುವುದು ನನಗೆ ಸಾಕಾಗಿತ್ತು. ಬ್ಯಾಗನ್ನೂ ಇಳಿಸದೆ ನಿಂತಲ್ಲೇ ಓದಿದಳು.

“ಮಮ್ಮಿಗೆ ಹೇಳಬ್ಯಾಡ್ರಿ ಅಂತ ಆಣಿ ಮಾಡಿಸಿಕೊಂಡಿದ್ದೆ” ಎಂದಳು. ಆಮೇಲೆ, “ಹೇಳಿಲ್ಲ ಬಿಡು. ಬರದಾರ.”

ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಬಾಗಿಲಿಗೆ ಅಂಗೈ ಇಟ್ಟು ನಿಂತೆ. ಕರೆಯಬೇಕೆಂದರೆ ಯಾವ ಮಾತಿನಿಂದ ಶುರು ಮಾಡುವುದೋ ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಶರಣಮ್ಮ ಹೆಪ್ಪು ಹಾಕಲು ಮಜ್ಜಿಗೆ ಕೇಳಿಕೊಂಡು ಬಂದಳು. ಬಟ್ಟಲು ಹಿಡಿದು ಹೊರಟವಳು ಎದುರು ಮನೆಯ ಕಡೆ ಕೈ ಮಾಡಿದಳು. “ನಮ್ಮ ಕಾವೇರೀನ ನಾಳಿಂದ ಮಿಸ್ ಕಡೆ ಕಳಸತೀನ್ರಿ ಅಕ್ಕಾರ. ಮನ್ಯಾಗ ಬಾಯೇ ಬಿಡವಲ್ದು ಹುಡುಗಿ. ಅಲ್ಲಿ ಹೋದ್ರ ಎಲ್ಲಾ ಹೇಳತಾವಂತ.”